ರೋಬೋಟ್ ಒಂದು ಪಕ್ಕಕ್ಕೆ ಎಳೆಯುವಾಗ: ಸ್ಪರ್ಧಾ ರೋಬೋಟ್‌ಗಳ ಡ್ರೈವ್‌ಟ್ರೇನ್ ದೋಷ ನಿವಾರಣೆ ಕೈಪಿಡಿ

ಜಾಯ್‌ಸ್ಟಿಕ್ಕನ್ನು ನೇರವಾಗಿ ಮುಂದಕ್ಕೆ ತಳ್ಳಿದರೂ ರೋಬೋಟ್ ಎಡಕ್ಕೆ ಎಳೆಯುತ್ತಿದೆ ಎಂಬ ದೂರು ಬಂದ ಕೂಡಲೇ ಹೆಚ್ಚಿನ ತಂಡಗಳಲ್ಲಿ ಮೊದಲು ತೆರೆದುಕೊಳ್ಳುವುದು ಲ್ಯಾಪ್‌ಟಾಪ್. ಸ್ಪ್ಯಾನರ್ ಪೆಟ್ಟಿಗೆಯ ಸರದಿ ಬರುವುದು ಬಹಳ ತಡವಾಗಿ. ಬಲಬದಿಯ ಮೋಟಾರ್‌ಗಳಿಗೆ ಹೋಗುವ ಆದೇಶವನ್ನು 0.95ರಿಂದ ಗುಣಿಸಿದರೆ, ಇಲ್ಲವೇ ರೋಬೋಟ್ ತಿರುಗುವುದನ್ನು ಅಳೆಯುವ ಗೈರೋ ಸಂವೇದಕ ಆಧರಿಸಿದ ತಿದ್ದುಪಡಿಯೊಂದನ್ನು ಸೇರಿಸಿದರೆ, ಆ ಹೊತ್ತಿಗೆ ರೋಬೋಟ್ ನೇರವಾಗಿ ಓಡುತ್ತದೆ, ನಿಜ. ಆದರೆ ಎಡಬದಿಯನ್ನು ಹಿಡಿದು ನಿಲ್ಲಿಸುತ್ತಿದ್ದ ಬೇರಿಂಗ್ ಇನ್ನೂ ಹಾಗೆಯೇ ಬಿಗಿದುಕೊಂಡಿರುತ್ತದೆ, ಆ ಬದಿಯ ಮೋಟಾರ್ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತಿರುತ್ತದೆ, ಮತ್ತು ದಿನದ ಐದನೆಯ ಪಂದ್ಯದ ಹೊತ್ತಿಗೆ ಅದೇ ಬೇರಿಂಗ್ ಕಾದು ಘರ್ಷಣೆ ಬದಲಾಗಿ, ಬೆಳಿಗ್ಗೆ ಹೊಂದಿಸಿದ್ದ 0.95 ಸುಳ್ಳಾಗಿರುತ್ತದೆ. ಆದ್ದರಿಂದ ಈ ಕೈಪಿಡಿಯ ನಿಲುವು ಒಂದೇ: ಯಾಂತ್ರಿಕ ದೋಷವನ್ನು ಕೋಡ್‌ನಲ್ಲಿ ಸರಿಪಡಿಸಬಾರದು, ಬ್ಯಾಟರಿಯಿಂದ ಹೊರಟ ಶಕ್ತಿ ನೆಲ ಮುಟ್ಟುವವರೆಗೆ ಹಾದುಹೋಗುವ ಪ್ರತಿಯೊಂದು ಹಂತದಲ್ಲಿ ಅಳೆದು, ಅದು ಎಲ್ಲಿ ಸೋರುತ್ತಿದೆ ಎಂದು ತಿಳಿದ ಮೇಲೆಯೇ ತಿದ್ದುಪಡಿಗೆ ಕೈಹಾಕಬೇಕು.

ಇಲ್ಲಿ ಮುಖ್ಯವಾಗಿ ಎರಡು ಬದಿಗಳನ್ನು ಪ್ರತ್ಯೇಕವಾಗಿ ಓಡಿಸುವ ಟ್ಯಾಂಕ್ ಮಾದರಿಯ, ಆರು ಚಕ್ರಗಳ ಡ್ರೈವ್‌ಟ್ರೇನ್ ಅನ್ನು (ಮೋಟಾರಿನಿಂದ ಚಕ್ರದವರೆಗೆ ರೋಬೋಟನ್ನು ಓಡಿಸುವ ಭಾಗಗಳನ್ನು) ಗಮನದಲ್ಲಿಟ್ಟುಕೊಳ್ಳಲಾಗಿದೆ. ಓರೆ ರೋಲರ್‌ಗಳ ಚಕ್ರಗಳಿರುವ ಮೆಕಾನಮ್ ಮತ್ತು ಪ್ರತಿ ಚಕ್ರವೂ ಪ್ರತ್ಯೇಕವಾಗಿ ದಿಕ್ಕು ಬದಲಿಸುವ ಸ್ವರ್ವ್ ಮಾದರಿಗಳಿಗೆ ಮಾತ್ರ ಬರುವ ದೋಷಗಳನ್ನು ಕೊನೆಯ ಭಾಗದಲ್ಲಿ ಚಿಕ್ಕದಾಗಿ ಹೇಳಲಾಗಿದೆ.

ದೂರನ್ನು ಮೊದಲು ಸರಿಯಾಗಿ ಬರೆದುಕೊಳ್ಳುವುದು

"ಸರಿಯಾಗಿ ಓಡುತ್ತಿಲ್ಲ" ಎಂಬುದು ದೂರಲ್ಲ, ಬೇಸರ. ರೋಬೋಟ್ ಯಾವಾಗ, ಯಾವ ಕಡೆಗೆ, ಎಷ್ಟು ದೂರ ಓಡಿದ ಮೇಲೆ, ಎಷ್ಟು ಎಳೆಯುತ್ತದೆ ಎಂಬುದನ್ನು ನೆಲದ ಮೇಲೆ ಟೇಪಿನಿಂದ ಐದು ಮೀಟರ್ ಉದ್ದದ ನೇರ ಗೆರೆ ಹಾಕಿ ಅಳೆಯಬೇಕು. ಮುಂದಕ್ಕೆ ಮೂರು ಸಲ, ಹಿಂದಕ್ಕೆ ಮೂರು ಸಲ, ತಿದ್ದುಪಡಿಯ ಕೋಡ್ ಎಲ್ಲವನ್ನೂ ತೆಗೆದುಹಾಕಿ ಎರಡೂ ಬದಿಗೆ ಒಂದೇ ವೋಲ್ಟೇಜ್ ಕೊಟ್ಟು ಓಡಿಸಿದರೆ, ಸಿಗುವ ಆರು ಅಂಕಿಗಳೇ ಅರ್ಧ ದಾರಿ ತೋರಿಸುತ್ತವೆ.

ರೋಬೋಟ್‌ನ ಸ್ವಂತ ಎಡ-ಬಲವನ್ನೇ ಲೆಕ್ಕಕ್ಕೆ ತೆಗೆದುಕೊಂಡಾಗ, ಅದು ಮುಂದಕ್ಕೆ ಓಡುವಾಗಲೂ ಹಿಂದಕ್ಕೆ ಓಡುವಾಗಲೂ ತನ್ನ ಎಡಗಡೆಗೇ ಬಾಗಿದರೆ, ಎಡಬದಿಯಲ್ಲಿ ಸದಾ ಇರುವ ಹಿಡಿತವನ್ನೋ, ಎಡ ಚಕ್ರಗಳ ಕಡಿಮೆ ವ್ಯಾಸವನ್ನೋ, ಆ ಬದಿಗೆ ಕಡಿಮೆ ಶಕ್ತಿ ತಲುಪುತ್ತಿರುವುದನ್ನೋ ಅನುಮಾನಿಸಬೇಕು. ಮುಂದಕ್ಕೆ ಹೋಗುವಾಗ ಎಡಕ್ಕೆ, ಹಿಂದಕ್ಕೆ ಬರುವಾಗ ಬಲಕ್ಕೆ ಎಳೆದರೆ ಕಥೆಯೇ ಬೇರೆ. ಎರಡೂ ಬದಿಯ ಮೋಟಾರ್‌ಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂತಿರುವುದರಿಂದ, ರೋಬೋಟ್ ಮುಂದಕ್ಕೆ ಹೋಗುವಾಗ ಒಂದು ಬದಿಯವು ಗಡಿಯಾರದ ದಿಕ್ಕಿನಲ್ಲೂ ಇನ್ನೊಂದು ಬದಿಯವು ಅದಕ್ಕೆ ವಿರುದ್ಧವಾಗಿಯೂ ತಿರುಗುತ್ತವೆ. ಮೋಟಾರೇ ಒಂದು ದಿಕ್ಕಿನಲ್ಲಿ ದುರ್ಬಲವಾಗಿದ್ದರೆ ಮುಂದಕ್ಕೆ ಹೋಗುವಾಗ ಒಂದು ಬದಿ, ಹಿಂದಕ್ಕೆ ಬರುವಾಗ ಇನ್ನೊಂದು ಬದಿ ಸೋಲುತ್ತದೆ. ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು) ಇರುವ ಕೆಲವು ಮೋಟಾರ್‌ಗಳಲ್ಲಿ ಬ್ರಷ್‌ಗಳ ಸ್ಥಾನವನ್ನು ಒಂದೇ ದಿಕ್ಕಿಗೆ ಹೊಂದಿಸಿರುತ್ತಾರೆ, ಅಂಥವುಗಳಲ್ಲಿ ಇದು ಸಹಜ. ಓಡುವಾಗ ನೇರವಾಗಿದ್ದು ನಿಲ್ಲುವಾಗ ಮಾತ್ರ ಮೂತಿ ತಿರುಗಿಸುವ ರೋಬೋಟ್‌ನಲ್ಲಿ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಮೋಟಾರ್ ಕಂಟ್ರೋಲರ್‌ಗಳ ಬ್ರೇಕ್ (ಆದೇಶ ನಿಂತಾಗ ಮೋಟಾರನ್ನು ತಡೆದು ನಿಲ್ಲಿಸುವುದು) ಮತ್ತು ಕೋಸ್ಟ್ (ತಾನಾಗಿ ಉರುಳಲು ಬಿಡುವುದು) ಹೊಂದಿಕೆಯನ್ನು ನೋಡಬೇಕು. ಒಂದು ಬದಿ ಬ್ರೇಕ್‌ನಲ್ಲೂ ಇನ್ನೊಂದು ಕೋಸ್ಟ್‌ನಲ್ಲೂ ಉಳಿದುಬಿಟ್ಟಿರುವುದು ಹೊಸ ಕಂಟ್ರೋಲರ್ ಹಾಕಿದ ಮರುದಿನದ ಸಾಮಾನ್ಯ ತಪ್ಪು.

ಸ್ಟ್ಯಾಂಡಿನ ಮೇಲೆ, ಕೈಯಿಂದ

ಮುಖ್ಯ ಬ್ರೇಕರ್ ಆಫ್ ಮಾಡಿ, ಬ್ಯಾಟರಿಯ ಕನೆಕ್ಟರ್ ಕಿತ್ತು, ಎಲ್ಲಾ ಚಕ್ರಗಳೂ ನೆಲ ಬಿಡುವಂತೆ ರೋಬೋಟನ್ನು ಗಟ್ಟಿಯಾದ ದಿಮ್ಮಿಗಳ ಮೇಲೆ ಕೂರಿಸಬೇಕು. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಬೆರಳು ಸಿಕ್ಕಿದರೆ ಆಗುವ ಗಾಯ ಸಣ್ಣದಲ್ಲ. ಆದ್ದರಿಂದ ಕೈಯಿಂದ ತಿರುಗಿಸುವಾಗಲೂ ಚಕ್ರದ ಹೊರಮೈಯನ್ನೇ ಹಿಡಿಯಬೇಕು, ಮತ್ತು ಮುಂದೆ ವಿದ್ಯುತ್ ಕೊಟ್ಟು ಪರೀಕ್ಷಿಸುವಾಗ ಒಬ್ಬರ ಕೈ ಸದಾ ನಿಲುಗಡೆಯ ಗುಂಡಿಯ ಮೇಲಿರಬೇಕು.

ಚಕ್ರವನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಕೈಗೆ ಏನು ತಿಳಿಯುತ್ತದೆ ಎಂದು ಗಮನಿಸಿ. ಸುತ್ತಿನುದ್ದಕ್ಕೂ ಒಂದೇ ಸಮನಾದ ಭಾರವಿದ್ದರೆ ಅದು ಬೇರಿಂಗ್, ಬಿಗಿಯಾದ ಚೈನ್ ಅಥವಾ ಹತ್ತಿರವಾದ ಗೇರ್‌ಗಳ ಲಕ್ಷಣ. ಸುತ್ತಿಗೊಮ್ಮೆ ಮಾತ್ರ ಬಿಗಿಯಾಗಿ ಮತ್ತೆ ಸಡಿಲವಾದರೆ ಶಾಫ್ಟ್ ಬಾಗಿದೆ ಅಥವಾ ಸ್ಪ್ರಾಕೆಟ್ ಕೇಂದ್ರ ತಪ್ಪಿ ಕೂತಿದೆ. ಮರಳಿನ ಮೇಲೆ ಉಜ್ಜಿದಂತಹ ಕರಕರ ಕೇಳಿದರೆ ಗೇರ್ ಹಲ್ಲುಗಳ ನಡುವೆ ಅಲ್ಯೂಮಿನಿಯಂ ಚೂರು ಸೇರಿರುವ ಸಾಧ್ಯತೆ ಹೆಚ್ಚು. ಚೌಕಟ್ಟಿಗೆ ತೂತು ಕೊರೆಯುವಾಗ ಗೇರ್‌ಬಾಕ್ಸ್ ಮೇಲೆ ಬಟ್ಟೆ ಮುಚ್ಚದೇ ಇದ್ದುದರ ಫಲ ಅದು. ಎರಡೂ ಬದಿಯನ್ನು ಒಬ್ಬರೇ ತಿರುಗಿಸಿ ಹೋಲಿಸಬೇಕು, ಏಕೆಂದರೆ ಇಬ್ಬರ ಕೈಗೆ "ಹಗುರ" ಎಂಬ ಮಾತಿನ ಅರ್ಥ ಬೇರೆಬೇರೆ.

ಕೈಯ ಅಂದಾಜನ್ನು ಅಂಕಿಗೆ ಇಳಿಸುವ ಸರಳ ಉಪಾಯವೊಂದಿದೆ. ಬ್ಯಾಟರಿ ಜೋಡಿಸಿ, ಒಂದು ಬದಿಗೆ ಮಾತ್ರ ಸೊನ್ನೆಯಿಂದ ಆರಂಭಿಸಿ ವೋಲ್ಟೇಜನ್ನು ತೀರಾ ನಿಧಾನವಾಗಿ ಏರಿಸುತ್ತ ಹೋಗಿ, ಚಕ್ರ ಅಲುಗಿದ ಕ್ಷಣದ ಅಂಕಿಯನ್ನು ಬರೆದುಕೊಳ್ಳಬೇಕು. ನಂತರ ಇನ್ನೊಂದು ಬದಿಗೆ ಅದೇ ಕ್ರಮ. ಸ್ಥಿರ ಘರ್ಷಣೆಯನ್ನು ಮೀರಲು ಬೇಕಾದ ಈ ಆರಂಭಿಕ ವೋಲ್ಟೇಜ್ ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಬದಿಯದು ಇನ್ನೊಂದರ ಎರಡರಷ್ಟಿದ್ದರೆ ಕೋಡ್ ಬರೆಯುವವರನ್ನು ಮನೆಗೆ ಕಳಿಸಬಹುದು, ದೋಷ ಲೋಹದಲ್ಲೇ ಇದೆ. ಕಂಟ್ರೋಲರ್‌ಗಳನ್ನು ಕೋಸ್ಟ್‌ಗೆ ಹಾಕಿ, ಎರಡೂ ಬದಿಯನ್ನು ಒಂದೇ ವೇಗಕ್ಕೆ ತಂದು, ವಿದ್ಯುತ್ ನಿಲ್ಲಿಸಿ, ಚಕ್ರಗಳು ನಿಲ್ಲಲು ತೆಗೆದುಕೊಳ್ಳುವ ಸಮಯವನ್ನು ಹೋಲಿಸುವುದೂ ಇದೇ ಜಾತಿಯ ಪರೀಕ್ಷೆ.

ಒಂದು ಬೋಲ್ಟಿನ ಕಥೆ

ನಮ್ಮದೇ ರೋಬೋಟ್ ಒಂದರಲ್ಲಿ ಎಡಬದಿಯ ಆರಂಭಿಕ ವೋಲ್ಟೇಜ್ ಹೀಗೆಯೇ ದುಪ್ಪಟ್ಟು ಬಂದಿತ್ತು. ಗೇರ್‌ಬಾಕ್ಸನ್ನು ಚೌಕಟ್ಟಿನಿಂದ ಬಿಡಿಸಿ ಮೇಜಿನ ಮೇಲಿಟ್ಟು ತಿರುಗಿಸಿದಾಗ ಬೆಣ್ಣೆಯಂತೆ ತಿರುಗಿತು. ಮರಳಿ ಕೂರಿಸಿ ಬಿಗಿದಾಗ ಮತ್ತೆ ಹಿಡಿದುಕೊಂಡಿತು. ಎರಡು ಸಲ ಬಿಚ್ಚಿ ಕಟ್ಟಿದ ಮೇಲಷ್ಟೇ ನಮಗೆ ಬುದ್ಧಿ ಬಂದದ್ದು. ಮೂರನೆಯ ಸಲ ಬಿಚ್ಚುವ ಬದಲು ಒಬ್ಬರು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಲೇ ಇದ್ದರು, ಇನ್ನೊಬ್ಬರು ನಾಲ್ಕು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಕಾಲು ಸುತ್ತು ಸಡಿಲಿಸುತ್ತ, ಬದಲಾವಣೆ ಕಾಣದಿದ್ದರೆ ಮತ್ತೆ ಬಿಗಿಯುತ್ತ ಬಂದರು. ಮೂರನೆಯ ಬೋಲ್ಟು ಸಡಿಲವಾದ ಕ್ಷಣ ಚಕ್ರ ಕೈಯಿಂದ ಜಾರಿದಂತೆ ಹಗುರಾಯಿತು. ಆ ಬೋಲ್ಟಿನ ಪಕ್ಕದ ಶಾಫ್ಟಿನ ಮೇಲಿದ್ದ ಸ್ಪೇಸರ್ ಇರಬೇಕಾದದ್ದಕ್ಕಿಂತ ಅರ್ಧ ಮಿಲಿಮೀಟರ್ ಉದ್ದವಿತ್ತು. ಬೋಲ್ಟು ಬಿಗಿದಾಗ ಎರಡು ತಟ್ಟೆಗಳೂ ಹತ್ತಿರವಾಗಿ, ಸ್ಪೇಸರ್ ಬೇರಿಂಗ್‌ನ ಒಳ ಉಂಗುರವನ್ನು ಹೊರಕ್ಕೆ ತಳ್ಳುತ್ತಿತ್ತು, ತಟ್ಟೆ ಹೊರ ಉಂಗುರವನ್ನು ಒಳಕ್ಕೆ ಒತ್ತುತ್ತಿತ್ತು. ನಡುವಿನ ಗುಂಡುಗಳು ಉರುಳುವ ಬದಲು ಉಜ್ಜುತ್ತಿದ್ದವು.

ವಿನ್ಯಾಸ ಮಾಡುವವರಿಗೆ ಇದರಿಂದ ತಿಳಿಯಬೇಕಾದದ್ದು, ಒಂದು ಶಾಫ್ಟಿನ ಮೇಲೆ ಸಾಲಾಗಿ ಕೂರುವ ಸ್ಪೇಸರ್, ಗೇರ್, ಹಬ್ ಎಲ್ಲವುಗಳ ಒಟ್ಟು ಉದ್ದ ತಟ್ಟೆಗಳ ನಡುವಿನ ಅಂತರಕ್ಕಿಂತ ಸ್ವಲ್ಪ ಕಡಿಮೆಯೇ ಇರಬೇಕು ಮತ್ತು ಉಳಿದ ಸಡಿಲವನ್ನು ತೆಳು ವಾಷರ್‌ಗಳಿಂದ ತುಂಬಬೇಕು. ಇದೇ ರೀತಿ, ಒಂದೇ ಗಟ್ಟಿ ಶಾಫ್ಟಿಗೆ ಮೂರು ಬೇರಿಂಗ್‌ಗಳ ಆಧಾರ ಕೊಡುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕು. ಎರಡು ಬಿಂದುಗಳ ನಡುವೆ ನೇರ ಗೆರೆ ಯಾವಾಗಲೂ ಸಿಗುತ್ತದೆ. ಮೂರು ತೂತುಗಳು ಒಂದೇ ಗೆರೆಯಲ್ಲಿ ಬರಬೇಕಾದರೆ ಎಲ್ಲವನ್ನೂ ಒಂದೇ ಜೋಡಣೆಯಲ್ಲಿ ಕೊರೆದಿರಬೇಕು, ಕೈ ಡ್ರಿಲ್ಲಿನಿಂದ ಅದು ಆಗುವ ಕೆಲಸವಲ್ಲ.

ಒಂದೇ ಗೇರ್‌ಬಾಕ್ಸ್, ಜಗಳವಾಡುವ ಎರಡು ಮೋಟಾರ್

ಒಂದು ಬದಿಯ ಗೇರ್‌ಬಾಕ್ಸಿಗೆ ಎರಡು ಅಥವಾ ಮೂರು ಮೋಟಾರ್‌ಗಳನ್ನು ಜೋಡಿಸಿದಾಗ ಅವುಗಳಲ್ಲಿ ಒಂದು ವಿರುದ್ಧ ದಿಕ್ಕಿನಲ್ಲಿ ತಿರುಗಲು ಯತ್ನಿಸಿದರೆ ಏನಾಗುತ್ತದೆ ಎಂಬುದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಎರಡು ಮೋಟಾರ್‌ಗಳಿದ್ದು ಒಂದು ತಲೆಕೆಳಗಾದರೆ ಚಕ್ರ ಅಲುಗುವುದೇ ಇಲ್ಲ, ಮೋಟಾರ್‌ಗಳು ಗುಂಯ್ ಎನ್ನುತ್ತ ಬಿಸಿಯಾಗುತ್ತವೆ; ಆದರೆ ಮೂರರಲ್ಲಿ ಒಂದು ತಲೆಕೆಳಗಾದಾಗ ಚಕ್ರ ತಿರುಗುತ್ತದೆ, ಬರೀ ಸುಸ್ತಾದಂತೆ ತಿರುಗುತ್ತದೆ, ಮತ್ತು ತಂಡ ಘರ್ಷಣೆಯನ್ನು ಹುಡುಕುತ್ತ ಒಂದು ಸಂಜೆಯನ್ನೇ ಕಳೆಯುತ್ತದೆ. ಸ್ಟ್ಯಾಂಡಿನ ಮೇಲೆ, ಚಕ್ರಕ್ಕೆ ಯಾವ ಹೊರೆಯೂ ಇಲ್ಲದಿರುವಾಗಲೇ ಒಂದು ಮೋಟಾರಿನ ಕರೆಂಟ್ ಅಸಹಜವಾಗಿ ಹೆಚ್ಚು ಕಂಡರೆ ಇದನ್ನೇ ಮೊದಲು ಅನುಮಾನಿಸಬೇಕು. ಹೋಲಿಕೆಗೆ, ಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿರುವ ಸಿಮ್ (CIM) ಎಂಬ ಬ್ರಷ್ ಮೋಟಾರ್ 12 ವೋಲ್ಟ್‌ನಲ್ಲಿ ಹೊರೆಯಿಲ್ಲದೆ ನಿಮಿಷಕ್ಕೆ 5330 ಸುತ್ತು ತಿರುಗುವಾಗ ಸುಮಾರು 2.7 ಆಂಪಿಯರ್ ಮಾತ್ರ ಎಳೆಯುತ್ತದೆ. ಗೇರ್‌ಬಾಕ್ಸ್ ಮತ್ತು ಚೈನುಗಳ ಘರ್ಷಣೆ ಸೇರಿದರೆ ಇದು ಇನ್ನೂ ಕೆಲವು ಆಂಪಿಯರ್ ಏರಬಹುದು, ಇಪ್ಪತ್ತು ಮೂವತ್ತಕ್ಕೆ ಹೋಗಬಾರದು.

ಖಚಿತಪಡಿಸಿಕೊಳ್ಳಲು, ವಿದ್ಯುತ್ ಆಫ್ ಮಾಡಿ ಒಂದನ್ನು ಬಿಟ್ಟು ಉಳಿದ ಮೋಟಾರ್‌ಗಳ ತಂತಿ ಬಿಡಿಸಿ, ಪ್ರತಿಯೊಂದನ್ನೂ ಕಡಿಮೆ ವೋಲ್ಟೇಜ್‌ನಲ್ಲಿ ಒಂಟಿಯಾಗಿ ಓಡಿಸಿ, ಚಕ್ರ ಯಾವ ಕಡೆ ತಿರುಗಿತು ಎಂದು ಬಾಣದ ಗುರುತು ಹಾಕಬೇಕು. ಬ್ರಷ್ ಮೋಟಾರಿನಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಬ್ರಷ್‌ರಹಿತ ಮೋಟಾರಿನಲ್ಲಿ ಆ ಕೆಲಸಕ್ಕೆ ಎಂದೂ ಕೈಹಾಕಬಾರದು. ಅಲ್ಲಿ ಮೂರು ತಂತಿಗಳ ಕ್ರಮಕ್ಕೂ ಒಳಗಿನ ಸಂವೇದಕದ ಕ್ರಮಕ್ಕೂ ಹೊಂದಾಣಿಕೆ ಇರಲೇಬೇಕು, ದಿಕ್ಕನ್ನು ಕಂಟ್ರೋಲರಿನ ಹೊಂದಿಕೆಯಲ್ಲೇ ಬದಲಿಸಬೇಕು. ಸಂವೇದಕವಿರುವ ಬ್ರಷ್‌ರಹಿತ ಮೋಟಾರ್ ನಡುಗುತ್ತ, ಮುಗ್ಗರಿಸುತ್ತ ಹೊರಟರೆ ಮೊದಲು ನೋಡಬೇಕಾದದ್ದು ಅದರ ಸಣ್ಣ ಸಂವೇದಕ ಕೇಬಲ್ಲನ್ನು.

ಮೋಟಾರಿನ ಸದ್ದು ಸಹಜವಾಗಿದ್ದು ಚಕ್ರ ಮಾತ್ರ ಹಿಂದೆ ಬೀಳುತ್ತಿದ್ದರೆ ನಡುವೆ ಎಲ್ಲೋ ಜಾರುತ್ತಿದೆ ಎಂದರ್ಥ. ಶಾಫ್ಟ್ ಮತ್ತು ಹಬ್ ಎರಡನ್ನೂ ದಾಟುವಂತೆ ಬಣ್ಣದ ಪೆನ್ನಿನಿಂದ ಒಂದೇ ಗೆರೆ ಎಳೆದು ಜೋರಾಗಿ ಎರಡು ಸಲ ಮುಂದೆ-ಹಿಂದೆ ಓಡಿಸಿ ನೋಡಿ. ಗೆರೆ ಎರಡು ತುಂಡಾಗಿದ್ದರೆ ಜಾಗ ಸಿಕ್ಕಿತು. 8 ಮಿಲಿಮೀಟರ್ ಶಾಫ್ಟಿನ ಮೇಲೆ 2 ಮಿಲಿಮೀಟರಿನ ಕೀ (ಶಾಫ್ಟ್ ಮತ್ತು ಹಬ್ ಒಟ್ಟಿಗೆ ತಿರುಗುವಂತೆ ನಡುವೆ ಕೂರಿಸುವ ಲೋಹದ ತುಂಡು) ಹಿಡಿದುಕೊಂಡಿರುವ ಕಡೆ ಆ ಕೀ ಕತ್ತರಿಸಿಹೋಗಿರಬಹುದು. ಹಬ್ಬನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಸೆಟ್ ಸ್ಕ್ರೂ ಒಂದನ್ನೇ ನಂಬಿ ಡ್ರೈವ್‌ಟ್ರೇನ್ ಕಟ್ಟಿದ್ದರೆ ಅದು ಜಾರುವುದು ದೋಷವೇ ಅಲ್ಲ, ವಿನ್ಯಾಸದಲ್ಲೇ ಬರೆದಿಟ್ಟ ಫಲ. ಷಟ್ಕೋನ ಶಾಫ್ಟ್‌ಗಳು ಈ ಕ್ಷೇತ್ರದಲ್ಲಿ ಇಷ್ಟು ಜನಪ್ರಿಯವಾಗಿರುವುದಕ್ಕೆ ಇದೇ ಕಾರಣ.

ಚೈನ್, ಗೇರ್ ಮತ್ತು ಅವುಗಳ ನಡುವಿನ ಅಂತರ

ದಿಕ್ಕು ಬದಲಿಸಿದಾಗ "ಟಕ್" ಎಂಬ ಸದ್ದು, ತಳ್ಳಾಟದಲ್ಲಿ "ಕಟಕಟ" ಎಂಬ ಸದ್ದು, ಇವೆರಡೂ ಬೇರೆ. ಮೊದಲನೆಯದು ಗೇರ್ ಮತ್ತು ಚೈನಿನ ಸಡಿಲ ಒಟ್ಟುಗೂಡಿ ಆಗುವುದು. ಎರಡನೆಯದು ಚೈನ್ ಹಲ್ಲು ಹಾರುತ್ತಿರುವುದು, ಅದನ್ನು ಕೇಳಿದ ಕೂಡಲೇ ನಿಲ್ಲಿಸಬೇಕು. ಮಟ್ಟಸವಾಗಿರುವ ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದಾಗ ಅದು ಸ್ಪ್ರಾಕೆಟ್‌ಗಳ ನಡುವಿನ ದೂರದ ಶೇಕಡಾ 2ರಷ್ಟು ಅಲುಗಿದರೆ ಸಾಕು: 300 ಮಿಲಿಮೀಟರ್ ಅಂತರಕ್ಕೆ ಆರು ಮಿಲಿಮೀಟರ್. ಅದಕ್ಕಿಂತ ಬಿಗಿ ಮಾಡಿದರೆ ಬೇರಿಂಗ್‌ಗಳು ತೆರುವ ಬೆಲೆ ಹೆಚ್ಚು. ಹೊಸ ಚೈನ್ ಮೊದಲ ಕೆಲವು ತಾಸುಗಳಲ್ಲಿ ಪಿನ್ನುಗಳು ಕೂತಂತೆ ಸ್ವಲ್ಪ ಉದ್ದವಾಗುವುದರಿಂದ, ಕಟ್ಟಿದ ದಿನದ ಬಿಗಿಯನ್ನು ವಾರದ ಕೊನೆಯಲ್ಲಿ ಮತ್ತೊಮ್ಮೆ ನೋಡಲೇಬೇಕು.

ಚೈನ್ ಪದೇ ಪದೇ ತುಂಡಾಗುತ್ತಿದ್ದರೆ ಹೊಸ ಚೈನ್ ಹಾಕುವುದಕ್ಕಿಂತ ಸ್ಪ್ರಾಕೆಟ್‌ನ ಹಲ್ಲು ಎಣಿಸುವುದು ಒಳ್ಳೆಯದು. ಒಂದು ತುದಿಯ ಚಕ್ರಕ್ಕೆ 14 ನ್ಯೂಟನ್ ಮೀಟರ್ ಟಾರ್ಕ್ ತಲುಪಿಸಬೇಕು ಎನ್ನೋಣ. 6.35 ಮಿಲಿಮೀಟರ್ ಪಿಚ್ಚಿನ (ಪಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ದೂರದ) 25ನೇ ಸಂಖ್ಯೆಯ ಚೈನಿಗೆ 16 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಅದರ ಪಿಚ್ ತ್ರಿಜ್ಯ ಸುಮಾರು 16.3 ಮಿಲಿಮೀಟರ್, ಚೈನಿನ ಮೇಲಿನ ಎಳೆತ ಸುಮಾರು 860 ನ್ಯೂಟನ್. ಅದೇ ಜಾಗದಲ್ಲಿ 22 ಹಲ್ಲಿನದನ್ನು ಹಾಕಿದರೆ ತ್ರಿಜ್ಯ 22.3 ಮಿಲಿಮೀಟರ್ ಆಗಿ ಎಳೆತ 630ಕ್ಕೆ ಇಳಿಯುತ್ತದೆ. ಚಕ್ರದ ವೇಗ ಬದಲಾಗದಂತೆ ಚೈನಿನ ಎರಡೂ ತುದಿಯ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ದೊಡ್ಡದು ಮಾಡಿದರೆ ಸಾಕು. ಸುತ್ತಲೂ ಜಾಗವಿಲ್ಲದಿದ್ದರೆ 9.525 ಮಿಲಿಮೀಟರ್ ಪಿಚ್ಚಿನ 35ನೇ ಸಂಖ್ಯೆಯ ಚೈನಿಗೆ ಹೋಗಬಹುದು. ತೂಕ ಹೆಚ್ಚಾದರೂ ಅದು ಸ್ಪ್ರಾಕೆಟ್‌ಗಳು ಒಂದೇ ಗೆರೆಯಲ್ಲಿ ಇಲ್ಲದಿರುವುದನ್ನು ಚಿಕ್ಕ ಚೈನಿಗಿಂತ ಚೆನ್ನಾಗಿ ಸಹಿಸುತ್ತದೆ. ಆ ಗೆರೆಯನ್ನು ಪರೀಕ್ಷಿಸಲು ಉಕ್ಕಿನ ಸ್ಕೇಲೊಂದನ್ನು ಎರಡೂ ಸ್ಪ್ರಾಕೆಟ್‌ಗಳ ಪಕ್ಕೆಗೆ ಒತ್ತಿ ಹಿಡಿದರೆ ಸಾಕು, ಸಂದು ಕಣ್ಣಿಗೇ ಬೀಳುತ್ತದೆ. ಚೈನಿನ ಒಳ ಪಟ್ಟಿಗಳು ಒಂದೇ ಪಕ್ಕದಲ್ಲಿ ಹೊಳೆಯುತ್ತಿದ್ದರೆ ಸ್ಕೇಲ್ ಇಡುವ ಮೊದಲೇ ಉತ್ತರ ಸಿಕ್ಕಿರುತ್ತದೆ. ಅರ್ಧ ಕೊಂಡಿ ಹಾಕಿ ಉದ್ದ ಹೊಂದಿಸಿದ ಚೈನ್ ತುಂಡಾದರೆ, ತುಂಡಾಗುವುದು ಹೆಚ್ಚಾಗಿ ಆ ಅರ್ಧ ಕೊಂಡಿಯಲ್ಲೇ.

ಗೇರ್‌ಗಳ ಕೇಂದ್ರಗಳ ಅಂತರದಲ್ಲಿ ತಪ್ಪಿದ್ದರೆ ಅದನ್ನು ಗ್ರೀಸ್ ಮುಚ್ಚಿಡುವುದಿಲ್ಲ. 1.27 ಮಾಡ್ಯೂಲಿನ (ಮಿಲಿಮೀಟರಿನಲ್ಲಿ ಗೇರಿನ ಪಿಚ್ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದ ಅಂಕಿ) 14 ಮತ್ತು 50 ಹಲ್ಲಿನ ಜೋಡಿಗೆ ಲೆಕ್ಕದ ಅಂತರ 40.64 ಮಿಲಿಮೀಟರ್, ಇದಕ್ಕೆ 0.07 ಅಥವಾ 0.08 ಮಿಲಿಮೀಟರ್ ಸೇರಿಸಿ ಕೊರೆಯುವುದು ರೂಢಿ. ಕಮ್ಮಿಯಾದರೆ ಹಲ್ಲುಗಳು ಒತ್ತಿಕೊಂಡು ಊಳಿಡುತ್ತವೆ, ಬಹಳ ಹೆಚ್ಚಾದರೆ ತುದಿಯಲ್ಲಷ್ಟೇ ಕಚ್ಚಿ ಬೇಗ ಸವೆಯುತ್ತವೆ.

ನೆಲದ ಮೇಲೆ: ನುಲಿದ ಚೌಕಟ್ಟು ಮತ್ತು ತಿರುಗಲೊಲ್ಲದ ರೋಬೋಟ್

ಸ್ಟ್ಯಾಂಡಿನ ಮೇಲೆ ಎರಡೂ ಬದಿ ಸಮನಾಗಿದ್ದು ನೆಲದ ಮೇಲೆ ಮಾತ್ರ ರೋಬೋಟ್ ಎಳೆಯುತ್ತಿದ್ದರೆ, ತೂಕ ಚಕ್ರಗಳ ಮೇಲೆ ಹೇಗೆ ಹಂಚಿಕೆಯಾಗಿದೆ ಎಂದು ನೋಡಬೇಕು. ಸಮತಟ್ಟಾದ ನೆಲದ ಮೇಲೆ, ಪಂದ್ಯದಲ್ಲಿ ಇರುವಷ್ಟೇ ಭಾರದೊಂದಿಗೆ ರೋಬೋಟನ್ನು ನಿಲ್ಲಿಸಿ, ಪ್ರತಿ ಚಕ್ರದ ಕೆಳಗೂ ಒಂದೊಂದು ಕಾಗದದ ಪಟ್ಟಿಯನ್ನು ಸಿಕ್ಕಿಸಿ ಎಳೆಯಬೇಕು. ಮಧ್ಯದ ಚಕ್ರಗಳು ಕೆಳಗಿರುವ ಆರು ಚಕ್ರಗಳ ವಿನ್ಯಾಸದಲ್ಲಿ ಮಧ್ಯದ ಎರಡು ಕಾಗದಗಳು ಗಟ್ಟಿಯಾಗಿ ಸಿಕ್ಕಿಕೊಂಡಿರಬೇಕು. ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ, ಎರಡರಲ್ಲಿ ಒಂದು ಸುಲಭವಾಗಿ ಹೊರಬರಬೇಕು. ಮುಂದಿನ ಎಡದ್ದೂ ಹಿಂದಿನ ಬಲದ್ದೂ ಸಡಿಲವಾಗಿ, ಕರ್ಣದ ಉಳಿದೆರಡು ಸಿಕ್ಕಿಕೊಂಡಿದ್ದರೆ ಚೌಕಟ್ಟು ನುಲಿದಿದೆ. ಬೋಲ್ಟುಗಳನ್ನು ಸಡಿಲಿಸಿ, ಸಮತಟ್ಟಾದ ಕಲ್ಲಿನ ಅಥವಾ ದಪ್ಪ ಹಲಗೆಯ ಮೇಲೆ ಒತ್ತಿ ಕೂರಿಸಿ ಮತ್ತೆ ಬಿಗಿಯುವುದೊಂದೇ ದಾರಿ.

ರೋಬೋಟ್ ನೇರವಾಗಿ ಚೆನ್ನಾಗಿ ಓಡುತ್ತದೆ, ಆದರೆ ನಿಂತಲ್ಲೇ ತಿರುಗಲು ಹೇಳಿದರೆ ಕುಪ್ಪಳಿಸುತ್ತದೆ ಅಥವಾ ನಡುಗಿ ನಿಲ್ಲುತ್ತದೆ ಎಂಬ ದೂರು ಬಿಡಿಭಾಗದ್ದಲ್ಲ, ಜ್ಯಾಮಿತಿಯದು. ಟ್ಯಾಂಕ್ ಮಾದರಿಯ ರೋಬೋಟ್ ತಿರುಗುವಾಗ ತುದಿಯ ಚಕ್ರಗಳು ಉರುಳುವುದರ ಜೊತೆಗೆ ಅಡ್ಡಕ್ಕೆ ಉಜ್ಜಲೇಬೇಕು. ತಿರುಗಿಸುವ ಬಲಕ್ಕೆ ಎರಡು ಬದಿಯ ನಡುವಿನ ಅಗಲ ಸನ್ನೆಯಾಗುತ್ತದೆ, ತಡೆಯುವ ಉಜ್ಜುವಿಕೆಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಉದ್ದ ಸನ್ನೆಯಾಗುತ್ತದೆ. ಆದ್ದರಿಂದ ನಾಲ್ಕೇ ಚಕ್ರಗಳ ರೋಬೋಟ್‌ನಲ್ಲಿ ಆ ನಾಲ್ಕೂ ಒಂದೇ ರೀತಿಯ ಒರಟು ರಬ್ಬರಿನವಾಗಿದ್ದು, ರೋಬೋಟ್ ಅಗಲಕ್ಕಿಂತ ಉದ್ದವಾಗಿದ್ದರೆ, ಎಷ್ಟು ಬಲವಾದ ಮೋಟಾರ್ ಹಾಕಿದರೂ ಅದು ಸರಾಗವಾಗಿ ತಿರುಗದು. ಮಧ್ಯದ ಚಕ್ರಗಳನ್ನು ಸುಮಾರು 3 ಮಿಲಿಮೀಟರ್ ಕೆಳಗಿಳಿಸುವ ರೂಢಿ ಬಂದಿರುವುದೇ ಇದಕ್ಕಾಗಿ: ರೋಬೋಟ್ ಒಂದು ಹೊತ್ತಿಗೆ ನಾಲ್ಕು ಚಕ್ರಗಳ ಮೇಲಷ್ಟೇ ನಿಲ್ಲುವುದರಿಂದ ಉಜ್ಜುವ ಉದ್ದ ಅರ್ಧಕ್ಕಿಳಿಯುತ್ತದೆ. ಆದರೆ ಮೃದುವಾದ ಚಕ್ರಗಳು ಭಾರಕ್ಕೆ ಚಪ್ಪಟೆಯಾಗಿ, ದಪ್ಪ ಕಾರ್ಪೆಟ್ಟಿನಲ್ಲಿ ಹೂತು, ಆ 3 ಮಿಲಿಮೀಟರ್ ಪೂರ್ತಿ ಕರಗಿಹೋಗಬಹುದು. ಮಧ್ಯದ ಚಕ್ರದ ರಬ್ಬರ್ ಸವೆದಾಗಲೂ ಹೀಗೆಯೇ. ಕಳೆದ ತಿಂಗಳು ತಿರುಗುತ್ತಿದ್ದ ರೋಬೋಟ್ ಈ ತಿಂಗಳು ತಿರುಗದಿದ್ದರೆ ಮೊದಲು ಮಧ್ಯದ ಚಕ್ರದ ವ್ಯಾಸ ಅಳೆಯಿರಿ. ತುದಿಯ ಒಂದು ಜೋಡಿಗೆ, ಅಂಚಿನ ಸಣ್ಣ ರೋಲರ್‌ಗಳಿಂದ ಅಡ್ಡಕ್ಕೂ ಉರುಳುವ ಆಮ್ನಿ ಚಕ್ರ ಹಾಕುವುದು ತಕ್ಷಣದ ಪರಿಹಾರ, ಆದರೆ ಪಕ್ಕದಿಂದ ಬೇರೆ ರೋಬೋಟ್ ತಳ್ಳಿದಾಗ ಆ ತುದಿ ನಿಲ್ಲುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಹಾಕಬೇಕು.

ತಳ್ಳಾಟದಲ್ಲಿ ಸಾಯುವ ರೋಬೋಟ್: ಗೇರ್ ಅನುಪಾತದ ಲೆಕ್ಕ

ಗೋಡೆಗೋ ಎದುರಾಳಿಗೋ ಒತ್ತಿದ ಕೂಡಲೇ ವೋಲ್ಟೇಜ್ ಕುಸಿದು ರೋಬೋಟ್ ಒಂದು ಕ್ಷಣ ಸ್ತಬ್ಧವಾಗುವುದನ್ನು ಬ್ಯಾಟರಿಯ ಮೇಲೆ ಹೊರಿಸುವುದು ಸುಲಭ. ಕೆಲವು ಸಲ ಅದು ನಿಜವೂ ಹೌದು. ಆದರೆ ಅದಕ್ಕೂ ಮೊದಲು ಒಂದು ಲೆಕ್ಕ ಮಾಡಬೇಕು, ಏಕೆಂದರೆ ಈ ದೋಷ ಬಹಳ ಸಲ ಗೇರ್ ಅನುಪಾತವನ್ನು ಆರಿಸಿದ ದಿನವೇ ಹುಟ್ಟಿರುತ್ತದೆ.

ಬ್ಯಾಟರಿ, ಬಂಪರ್ ಸೇರಿ 68 ಕಿಲೋಗ್ರಾಂ ತೂಗುವ ರೋಬೋಟ್, 152.4 ಮಿಲಿಮೀಟರ್ ವ್ಯಾಸದ ಚಕ್ರಗಳು, ನಾಲ್ಕು ಸಿಮ್ ಮೋಟಾರ್‌ಗಳು, 10.7ಕ್ಕೆ 1ರ ಅನುಪಾತ, ಕಾರ್ಪೆಟ್ಟಿನ ಮೇಲೆ ರಬ್ಬರಿನ ಘರ್ಷಣಾಂಕ 1.1 ಎಂದಿಟ್ಟುಕೊಳ್ಳೋಣ. ಚಕ್ರಗಳು ಜಾರುವ ಮೊದಲು ನೆಲದ ಮೇಲೆ ಹಾಕಬಹುದಾದ ಗರಿಷ್ಠ ಬಲ ಸುಮಾರು 734 ನ್ಯೂಟನ್, ಅಂದರೆ ಚಕ್ರಗಳಲ್ಲಿ ಒಟ್ಟು 56 ನ್ಯೂಟನ್ ಮೀಟರ್ ಟಾರ್ಕ್. ಗೇರ್‌ಗಳ ದಕ್ಷತೆ ಶೇಕಡಾ 90 ಎಂದುಕೊಂಡರೆ ಪ್ರತಿ ಮೋಟಾರ್ 1.45 ನ್ಯೂಟನ್ ಮೀಟರ್ ಕೊಡಬೇಕು. ಸಿಮ್ ಮೋಟಾರ್ ಪೂರ್ತಿ ನಿಂತಾಗ 2.41 ನ್ಯೂಟನ್ ಮೀಟರ್ ಕೊಟ್ಟು 131 ಆಂಪಿಯರ್ ಎಳೆಯುತ್ತದೆ. ಆ ಲೆಕ್ಕದಲ್ಲಿ ಚಕ್ರ ಜಾರಬೇಕಾದರೆ ಪ್ರತಿ ಮೋಟಾರಿಗೆ 80 ಆಂಪಿಯರ್ ಬೇಕು. ಈಗ ಬ್ಯಾಟರಿಯ ಕಡೆಯಿಂದ ನೋಡೋಣ. 12.7 ವೋಲ್ಟ್‌ನ ಬ್ಯಾಟರಿಯ ಒಳ ಪ್ರತಿರೋಧ, ತಂತಿ, ಕನೆಕ್ಟರ್ ಎಲ್ಲ ಸೇರಿ 0.02 ಓಮ್ ಇದ್ದರೆ, ನಾಲ್ಕು ಮೋಟಾರ್‌ಗಳು ಪೂರ್ತಿ ನಿಂತಾಗಲೂ ಹರಿಯುವುದು ಒಟ್ಟು 296 ಆಂಪಿಯರ್, ಅಂದರೆ ತಲಾ 74 ಮಾತ್ರ. ಆ ಹೊತ್ತಿಗೆ ಮೋಟಾರ್‌ಗಳಿಗೆ ಉಳಿಯುವುದು 6.8 ವೋಲ್ಟ್. ಅಂದರೆ ಈ ರೋಬೋಟ್ ಗೋಡೆಗೆ ಒತ್ತಿದಾಗ ಚಕ್ರ ಜಾರುವುದೂ ಇಲ್ಲ, ತಿರುಗುವುದೂ ಇಲ್ಲ. ವೋಲ್ಟೇಜ್ ಇಳಿದು, ರೋಬೋಟ್‌ನ ನಿಯಂತ್ರಕ ಎಚ್ಚರಿಕೆ ಕೊಡುವ ಗಡಿಗೆ ಬಂದು ಕೂರುತ್ತದೆ, ಇಷ್ಟರ ಮೇಲೆ ಕಂಪ್ರೆಸರೋ ಎತ್ತುವ ಕೈಯೋ ಚಾಲೂ ಆದರೆ ಎಲ್ಲವೂ ಕುಸಿಯುತ್ತದೆ.

ಅದೇ ರೋಬೋಟಿಗೆ 14ಕ್ಕೆ 1ರ ಅನುಪಾತ ಕೊಟ್ಟು ನೋಡಿ. ಜಾರಲು ಬೇಕಾದ ಕರೆಂಟ್ ತಲಾ 62 ಆಂಪಿಯರಿಗೆ ಇಳಿಯುತ್ತದೆ, ಒಟ್ಟು 247, ವೋಲ್ಟೇಜ್ 7.7ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಚಕ್ರ ಜಾರಿ ಮೋಟಾರಿಗೆ ಉಸಿರಾಡಲು ಅವಕಾಶವಾಗುತ್ತದೆ. ಹೊರೆಯಿಲ್ಲದ ಲೆಕ್ಕದ ವೇಗ ಸೆಕೆಂಡಿಗೆ 4 ಮೀಟರಿನಿಂದ 3ಕ್ಕೆ ಇಳಿಯುವುದು ನಿಜವೇ. ಆದರೆ ಚಿಕ್ಕ ಅಂಕಣದಲ್ಲಿ ಆ 4 ಮೀಟರ್ ವೇಗವನ್ನು ಮುಟ್ಟುವ ಮೊದಲೇ ಬ್ರೇಕ್ ಹಾಕಬೇಕಾಗಿ ಬರುವ ರೋಬೋಟಿಗೆ ಅದು ಕಾಗದದ ಮೇಲಿನ ಹೆಮ್ಮೆಯಷ್ಟೇ ಎಂಬುದು ನನ್ನ ಅಭಿಪ್ರಾಯ. ಅನುಪಾತ ಬದಲಿಸಲು ಸಮಯವಿಲ್ಲದಿದ್ದರೆ ಕಂಟ್ರೋಲರಿನಲ್ಲಿ ಕರೆಂಟಿಗೆ ಮಿತಿ ಹಾಕಬಹುದು. ಇದೊಂದು ಕಡೆ ಮಾತ್ರ ಕೋಡ್‌ನ ಪರಿಹಾರವನ್ನು ನಾನು ಮನಸಾರೆ ಒಪ್ಪುತ್ತೇನೆ.

ಲೆಕ್ಕ ಸರಿಯಿದ್ದೂ ವೋಲ್ಟೇಜ್ ಕುಸಿದರೆ ಜೋಡಣೆಗಳನ್ನು ಹುಡುಕಬೇಕು. 0.005 ಓಮ್ ಎಂದರೆ ಮೀಟರಿಗೂ ನೆಟ್ಟಗೆ ಕಾಣದಷ್ಟು ಸಣ್ಣ ಪ್ರತಿರೋಧ, ಆದರೆ ಸಡಿಲವಾದ ಬ್ಯಾಟರಿ ಟರ್ಮಿನಲ್ ಒಂದರಲ್ಲಿ ಅಷ್ಟಿದ್ದರೂ 100 ಆಂಪಿಯರ್ ಹರಿಯುವಾಗ ಅರ್ಧ ವೋಲ್ಟ್ ಅಲ್ಲೇ ಕಳೆದು, 50 ವ್ಯಾಟ್ ಶಾಖವಾಗುತ್ತದೆ. ಪಂದ್ಯ ಮುಗಿದ ಕೂಡಲೇ ಮುಖ್ಯ ಬ್ರೇಕರ್ ಆಫ್ ಮಾಡಿ ಪ್ರತಿ ಕನೆಕ್ಟರನ್ನೂ ಕೈಯಿಂದ ಮುಟ್ಟಿ ನೋಡಿದರೆ ಬಿಸಿಯಾದದ್ದು ತಾನೇ ಹೇಳಿಕೊಳ್ಳುತ್ತದೆ. ಒಂದು ಬದಿ ಎರಡು ಮೂರು ಸೆಕೆಂಡು ಸತ್ತು ತಾನಾಗಿಯೇ ಮತ್ತೆ ಬದುಕಿದರೆ, ತಾನೇ ಮರಳಿ ಕೂಡಿಕೊಳ್ಳುವ 40 ಆಂಪಿಯರ್ ಬ್ರೇಕರ್ ಬಿಸಿಯಾಗಿ ಸಂಪರ್ಕ ಕಡಿದಿರುವ ಸಾಧ್ಯತೆಯೇ ಹೆಚ್ಚು. ಆಗ ಬ್ರೇಕರ್ ಬದಲಿಸದೆ, ಆ ಬದಿ ಏಕೆ ಅಷ್ಟು ಎಳೆಯುತ್ತಿದೆ ಎಂಬ ಪ್ರಶ್ನೆಗೆ, ಅಂದರೆ ಮೇಲಿನ ಭಾಗಗಳಿಗೆ, ಹಿಂತಿರುಗಬೇಕು.

ಸ್ವಯಂಚಾಲಿತ ಓಟದಲ್ಲಿ ಮಾತ್ರ ಕಾಣುವ ದೋಷ

ಚಾಲಕರು ಓಡಿಸುವಾಗ ತಮಗೆ ಗೊತ್ತಿಲ್ಲದೆಯೇ ಸಣ್ಣ ಎಳೆತವನ್ನು ತಿದ್ದಿಕೊಳ್ಳುತ್ತಾರೆ, ಸ್ವಯಂಚಾಲಿತ ಓಟದಲ್ಲಿ ಅದು ಬಯಲಾಗುತ್ತದೆ. ಎಡ ಚಕ್ರಗಳ ರಬ್ಬರ್ ಸವೆದು ವ್ಯಾಸ 152.4ರಿಂದ 150 ಮಿಲಿಮೀಟರಿಗೆ ಇಳಿದಿದ್ದು, ಬಲದವು ಹೊಸದಾಗಿದ್ದರೆ, ಸುತ್ತುಗಳನ್ನು ಎಣಿಸುವ ಎನ್‌ಕೋಡರ್ ಎರಡೂ ಬದಿ ಸಮಾನ ಸುತ್ತು ತಿರುಗಿವೆ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತದೆ; ಆದರೂ 5 ಮೀಟರ್ ಓಟದಲ್ಲಿ ಎಡಬದಿ 79 ಮಿಲಿಮೀಟರ್ ಹಿಂದೆ ಬಿದ್ದಿರುತ್ತದೆ. ಎರಡು ಬದಿಯ ನಡುವೆ 600 ಮಿಲಿಮೀಟರ್ ಅಗಲವಿದ್ದರೆ ರೋಬೋಟಿನ ಮೂತಿ ಏಳೂವರೆ ಡಿಗ್ರಿ ತಿರುಗಿ, ಅದು ಗೆರೆಯಿಂದ ಸುಮಾರು 33 ಸೆಂಟಿಮೀಟರ್ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ರಬ್ಬರನ್ನು ಒಂದೇ ಬದಿಗೆ ಬದಲಿಸಬಾರದು ಎಂಬ ನಿಯಮದ ಹಿಂದಿರುವುದು ಇದೇ ಗಣಿತ. ಆದೇಶ ಕೊಟ್ಟ ಕೂಡಲೇ ಒಂದು ಬದಿ ಪೂರ್ತಿ ವೇಗದಲ್ಲಿ ಹುಚ್ಚೆದ್ದು ಓಡಿದರೆ, ಆ ಬದಿಯ ಎನ್‌ಕೋಡರಿನ ಚಿಹ್ನೆ ತಲೆಕೆಳಗಾಗಿದೆ: ಚಕ್ರ ಮುಂದೆ ಹೋದಷ್ಟೂ ನಿಯಂತ್ರಕಕ್ಕೆ ಅದು ಹಿಂದೆ ಹೋಗುತ್ತಿರುವಂತೆ ಕಂಡು ಇನ್ನಷ್ಟು ಶಕ್ತಿ ಸುರಿಯುತ್ತದೆ. ಇಂಥ ಮೊದಲ ಪರೀಕ್ಷೆಯನ್ನು ಸ್ಟ್ಯಾಂಡಿನ ಮೇಲೆಯೇ ಮಾಡಬೇಕು.

ಮೆಕಾನಮ್ ಮತ್ತು ಸ್ವರ್ವ್

ಮೆಕಾನಮ್ ರೋಬೋಟ್ ಪಕ್ಕಕ್ಕೆ ಸರಿಯುವ ಬದಲು ವಿಚಿತ್ರವಾಗಿ ವರ್ತಿಸಿದರೆ ಮೇಲಿನಿಂದ ನೋಡಿ: ನಾಲ್ಕೂ ಚಕ್ರಗಳ ಮೇಲ್ಬದಿಯ ರೋಲರ್‌ಗಳು ಚೌಕಟ್ಟಿನ ಮಧ್ಯಕ್ಕೆ ಗುರಿಯಿಟ್ಟು ಗುಣಾಕಾರದ ಚಿಹ್ನೆಯಂತೆ ಕಾಣಬೇಕು. ಚಿಹ್ನೆ ಸರಿಯಿದ್ದೂ ಸರಿಯುವಾಗ ಮೂತಿ ತಿರುಗಿದರೆ ತೂಕ ಮುಂದಕ್ಕೋ ಹಿಂದಕ್ಕೋ ವಾಲಿದೆ. ಸ್ವರ್ವ್ ಮಾದರಿಯಲ್ಲಿ ಹೊರಡುವಾಗಲೇ ಒಂದು ಚಕ್ರ ಉಳಿದವುಗಳ ವಿರುದ್ಧ ಎಳೆದರೆ, ಆ ಚಕ್ರದ ಕೋನ ಅಳೆಯುವ ಎನ್‌ಕೋಡರಿನ ಶೂನ್ಯ ಬಿಂದು ತಪ್ಪಿದೆ. ನಾಲ್ಕೂ ಚಕ್ರಗಳನ್ನು ಉದ್ದನೆಯ ನೇರ ಪಟ್ಟಿಗೆ ಒತ್ತಿ ಹಿಡಿದು ಮತ್ತೆ ದಾಖಲಿಸಬೇಕು. ಚಕ್ರದ ಯಾವ ಮುಖ ಒಳಗಿದೆ ಎಂಬುದನ್ನು ಗಮನಿಸದಿದ್ದರೆ 180 ಡಿಗ್ರಿ ತಪ್ಪು ದಾಖಲಾಗುವುದುಂಟು.

ದುರಸ್ತಿಯ ನಂತರ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲು ಹಾಕಿದ್ದ ಐದು ಮೀಟರ್ ಗೆರೆಯ ಮೇಲೆ ಅದೇ ಆರು ಓಟಗಳನ್ನು ಅದೇ ಬ್ಯಾಟರಿ ಮಟ್ಟದಲ್ಲಿ ಮತ್ತೆ ಅಳೆಯಬೇಕು. ಅನುಮಾನವಿರುವ ಮೋಟಾರ್ ಅಥವಾ ಕಂಟ್ರೋಲರನ್ನು ಎಡದಿಂದ ಬಲಕ್ಕೆ ಬದಲಿಸಿದಾಗ ದೋಷ ಅದರೊಡನೆ ಬಲಕ್ಕೆ ಹೋಯಿತೇ ಅಥವಾ ಎಡದಲ್ಲೇ ಉಳಿಯಿತೇ ಎಂಬ ಒಂದೇ ಪ್ರಶ್ನೆ ಅರ್ಧ ಗಂಟೆಯ ವಾದವನ್ನು ಮುಗಿಸುತ್ತದೆ. ಎಳೆತ ನಿಂತ ಮೇಲೆ ಯಾರೋ ಹಿಂದೆಂದೋ ಬರೆದಿದ್ದ ಆ 0.95 ಕೋಡ್‌ನಲ್ಲಿ ಇನ್ನೂ ಉಳಿದಿದೆಯೇ ಎಂದು ಹುಡುಕಿ ಅಳಿಸಿ, ಇಲ್ಲದಿದ್ದರೆ ಸರಿಯಾದ ರೋಬೋಟ್ ಈಗ ಬಲಕ್ಕೆ ಎಳೆಯತೊಡಗುತ್ತದೆ. ಎರಡೂ ಬದಿಯ ಆರಂಭಿಕ ವೋಲ್ಟೇಜನ್ನು ದಿನಾಂಕದೊಡನೆ ಟೇಪಿನ ಚೂರೊಂದರ ಮೇಲೆ ಬರೆದು ಗೇರ್‌ಬಾಕ್ಸಿನ ಪಕ್ಕದಲ್ಲೇ ಅಂಟಿಸಿಡಿ. ಮುಂದಿನ ಸಲ ದೂರು ಬಂದಾಗ ಹೋಲಿಸಲು ಬೇಕಾಗುವ ಅಂಕಿ ಅದೇ.